ನಿಂತು ದುಡಿಯುವವರ ಕಾಲು

ನಮ್ಮದು ಪಾದಕ್ಕೆ ಮಣಿಯುವ ನಾಡು. ಹಿರಿಯರು ಬಂದರೆ ಕಾಲಿಗೆರಗುತ್ತೇವೆ; ಗುರುಗಳ ಪಾದಧೂಳಿಯನ್ನು ಕಣ್ಣಿಗೊತ್ತಿಕೊಳ್ಳುತ್ತೇವೆ; ಮದುಮಗನ ಪಾದವನ್ನು ಹಾಲೆರೆದು ತೊಳೆಯುತ್ತೇವೆ. ಆದರೆ ಆ ಪಾದಕ್ಕೂ ಮೊಳಕಾಲಿಗೂ ನಡುವೆ ಏನು ನಡೆದಿದೆಯೆಂದು, ಹಾಗೆ ಬಗ್ಗಿದವರಾರೂ ವಿಚಾರಿಸಿದುದನ್ನು ನಾನು ಕಾಣೆ. ಮುಖದ ಮೇಲೊಂದು ಮೊಡವೆಯೆದ್ದರೆ ಮನೆಮಂದಿಯೆಲ್ಲರೂ ಔಷಧ ಹೇಳುವರು. ಮೀನಖಂಡದ ಮೇಲೆ ನೀಲಿಯ ನರಗಳು ಹಗ್ಗದಂತೆ ಹೊಸೆದು ಗಂಟುಗಟ್ಟಿದ್ದರೂ, ಸೀರೆಯ ನೆರಿಗೆಯ ಮರೆಯಲ್ಲಿಯೋ ಪಂಚೆಯ ಅಂಚಿನ ಮರೆಯಲ್ಲಿಯೋ ಅದು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇದ್ದುಬಿಡುತ್ತದೆ.

ವೈದ್ಯರು ಇದನ್ನು ವೆರಿಕೋಸ್ ವೇನ್ಸ್ ಎನ್ನುತ್ತಾರೆ. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ “ಕಾಲಿನ ನರ ಉಬ್ಬಿದೆ” ಎಂದರೆ ಎಲ್ಲರಿಗೂ ತಿಳಿಯುತ್ತದೆ. ಶರೀರಶಾಸ್ತ್ರದಲ್ಲಿ ನರವೆಂದರೆ ಬೇರೆಯೇ ವಸ್ತು; ಇಲ್ಲಿ ಉಬ್ಬುವುದು ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿ. ಆದರೂ ಜನರ ಬಾಯಲ್ಲಿರುವ ಮಾತನ್ನೇ ನಾನೂ ಬಳಸುತ್ತೇನೆ. ವಿಜ್ಞಾನ ಓದಿದ ಮಿತ್ರರು ಮನ್ನಿಸಬೇಕು. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಬಿ.ಎ. ತರಗತಿಯವನಿಗೆ ವೈದ್ಯರ ವಿಷಯವೇಕೆಂದು ಕೆಲವರು ಕೇಳಬಹುದು. ಊರ ಹೆಸರಿನಲ್ಲಿಯೇ ಮೊಳಕಾಲು ಕೇಳಿಸುವ ತಾಲ್ಲೂಕಿನವನು ಕಾಲಿನ ವಿಚಾರ ಬರೆದರೆ ಆಶ್ಚರ್ಯವೇನು ಎಂದು ನಗೆಯಾಡಿ ತಪ್ಪಿಸಿಕೊಳ್ಳಬಹುದಿತ್ತು. ನಿಜವಾದ ಕಾರಣ ಬೇರೆ. ಈ ಬೇನೆಯ ಚಿಕಿತ್ಸೆ ಆಸ್ಪತ್ರೆಯಲ್ಲಿದ್ದರೂ, ಅದರ ಬೇರಿನ ಒಂದು ದೊಡ್ಡ ಕವಲು ಅಂಗಡಿ, ಹೋಟೆಲು, ಗಿರಣಿ, ಶಾಲೆಗಳೊಳಗೆ ಹರಡಿಕೊಂಡಿದೆ. ಯಾರು ಕುಳಿತು ಕೆಲಸ ಮಾಡಬಹುದು, ಯಾರು ನಿಂತೇ ಇರಬೇಕು ಎಂಬುದನ್ನು ವೈದ್ಯರು ಗೊತ್ತುಮಾಡುವುದಿಲ್ಲ. ಅದನ್ನು ಗೊತ್ತುಮಾಡುವವರು ನಾವು.

ರೋಗದ ಮರ್ಮವನ್ನು ತಿಳಿಯಲು ನಮ್ಮ ಕಡೆಯ ರೈತನಿಗೆ ಹೆಚ್ಚು ಶ್ರಮ ಬೇಡ. ತೆರೆದ ಬಾವಿಗೆ ಪಂಪು ಕೂರಿಸಿದಾಗ ನೀರೆಳೆಯುವ ಕೊಳವೆಯ ತುದಿಯಲ್ಲಿ ಒಂದು ಫುಟ್‌ವಾಲ್ವ್ ಇರುತ್ತದಷ್ಟೆ. ಮೇಲೇರಿದ ನೀರು ಹಿಂದಕ್ಕೆ ಜಾರದಂತೆ ಹಿಡಿಯುವುದು ಅದರ ಕೆಲಸ. ಅದು ಸವೆದು ಸೋರತೊಡಗಿದರೆ ಪಂಪು ಎಷ್ಟು ಕೂಗಿಕೊಂಡರೂ ನೀರು ಮೇಲೆ ಬರದು. ಕಾಲಿನ ನರದೊಳಗೂ ಹಿಮ್ಮಡಿಯಿಂದ ತೊಡೆಯ ಸಂದಿಯವರೆಗೆ ಇಂಥ ಪುಟ್ಟ ಕವಾಟಗಳು ಮೆಟ್ಟಿಲು ಮೆಟ್ಟಿಲಾಗಿ ಇವೆ. ಇಟಲಿಯ ಪಡುವಾ ವಿಶ್ವವಿದ್ಯಾನಿಲಯದ ಫ್ಯಾಬ್ರಿಷಿಯಸ್ ಎಂಬ ಪಂಡಿತನು 1603ರಲ್ಲಿ ಇವುಗಳನ್ನು ಕುರಿತು ಚಿತ್ರಸಮೇತ ಒಂದು ಗ್ರಂಥವನ್ನು ಪ್ರಕಟಿಸಿದನು. ಆದರೆ ಅವು ಏಕಿವೆಯೆಂಬುದು ಅವನಿಗೆ ಸರಿಯಾಗಿ ಹೊಳೆಯಲಿಲ್ಲ. ಅವನಲ್ಲಿ ಓದಿದ ವಿಲಿಯಂ ಹಾರ್ವೆಗೆ ಹೊಳೆಯಿತು. ತೋಳಿಗೆ ಪಟ್ಟಿ ಬಿಗಿದು, ಉಬ್ಬಿದ ನರವನ್ನು ಬೆರಳಿನಿಂದ ಒತ್ತಿ ಸವರಿ, ರಕ್ತವು ಹೃದಯದ ಕಡೆಗೆ ಮಾತ್ರ ಹೋಗಲು ಕವಾಟ ಬಿಡುತ್ತದೆಂಬುದನ್ನು ಅವನು 1628ರ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟನು.

ಹಾಗಾದರೆ ಪಂಪು ಯಾವುದು? ಹೃದಯವೆಂದು ಯಾರಾದರೂ ಹೇಳುವರು. ಹೃದಯವೇನೋ ರಕ್ತವನ್ನು ಪಾದದವರೆಗೆ ತಳ್ಳುತ್ತದೆ. ಅಲ್ಲಿಂದ ನಾಲ್ಕಡಿ ಎತ್ತರಕ್ಕೆ ಮರಳಿ ಏರಿಸುವ ದುಡಿಮೆಯಲ್ಲಿ ದೊಡ್ಡ ಪಾಲು ಮೀನಖಂಡದ ಸ್ನಾಯುವಿನದು. ಹೆಜ್ಜೆಯಿಟ್ಟಾಗಲೆಲ್ಲ ಅದು ಒದ್ದೆಬಟ್ಟೆಯನ್ನು ಹಿಂಡುವಂತೆ ಒಳಗಿನ ನರಗಳನ್ನು ಹಿಂಡುತ್ತದೆ, ರಕ್ತ ಒಂದು ಕವಾಟ ದಾಟಿ ಮೇಲಕ್ಕೆ ಹೋಗುತ್ತದೆ, ಕವಾಟ ಮುಚ್ಚಿಕೊಳ್ಳುತ್ತದೆ. ಅಲುಗಾಡದೆ ನಿಂತಾಗ ಹಿಂಡುವವರಿಲ್ಲ. ಆಗ ಹಿಮ್ಮಡಿಯ ಬಳಿಯ ನರದಲ್ಲಿ ರಕ್ತದ ಒತ್ತಡ ಸುಮಾರು 80ರಿಂದ 90 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಅದೇ ಮನುಷ್ಯ ನಡೆಯತೊಡಗಿದರೆ, ಕವಾಟಗಳು ಚೆನ್ನಾಗಿದ್ದಲ್ಲಿ, ಆ ಒತ್ತಡ 30ರ ಆಸುಪಾಸಿಗೆ ಇಳಿಯುತ್ತದೆ. ನಡೆದು ಕಾಲು ಸವೆಯಿತೆಂದು ನಾವು ಹೇಳುವುದುಂಟು. ನರಗಳ ಮಟ್ಟಿಗೆ ನಡಿಗೆಯೇ ವಿಶ್ರಾಂತಿ. ಒಂದೇ ಕಡೆ ಕಂಬದಂತೆ ಹತ್ತು ಗಂಟೆ ನಿಲ್ಲುವುದು, ಅದೂ ವರ್ಷದ ಮೇಲೆ ವರ್ಷ ನಿಲ್ಲುವುದು, ಅವುಗಳಿಗೆ ಹೊರೆ. ಗೋಡೆ ಹಿಗ್ಗುತ್ತದೆ, ಹಿಗ್ಗಿದ ನರದಲ್ಲಿ ಕವಾಟದ ಎರಡು ಎಸಳುಗಳು ಒಂದನ್ನೊಂದು ಮುಟ್ಟವು, ಸೋರಿದ ರಕ್ತ ಕೆಳಗೆ ಬಂದು ಇನ್ನಷ್ಟು ಹಿಗ್ಗಿಸುತ್ತದೆ. ಮೊದಮೊದಲು ಸಂಜೆಯ ಹೊತ್ತಿಗೆ ಕಾಲು ಭಾರ, ರಾತ್ರಿ ಮೀನಖಂಡದ ಸೆಳೆತ. ಆಮೇಲೆ ಬಾವು, ತುರಿಕೆ. ಹಿಮ್ಮಡಿಯ ಗಿಣ್ಣಿನ ಒಳಮಗ್ಗುಲಲ್ಲಿ ಚರ್ಮ ಕಂದುಗಪ್ಪಾಗಿ ಗಡುಸಾಗುತ್ತದೆ. ಕೊನೆಗೆ ಕೆಲವರಿಗೆ ಅಲ್ಲಿ ಹುಣ್ಣಾಗುತ್ತದೆ; ಅದು ತಿಂಗಳುಗಟ್ಟಲೆ ಮಾಯುವುದಿಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಒಳ್ಳೆಯ ಅಭ್ಯಾಸಗಳನ್ನಿಟ್ಟುಕೊಂಡವನಿಗೆ ಈ ಬೇನೆ ಬಾರದೆಂದು ಸಾರುವವರ ಮಾತನ್ನು ಪೂರ್ತಿ ನಂಬಲಾಗದು. ತಾಯಿಗೋ ತಂದೆಗೋ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ವಯಸ್ಸು ಒಂದು ಕಾರಣ. ಬಸಿರು ಇನ್ನೊಂದು, ನಾಲ್ಕೈದು ಹೆತ್ತ ತಾಯಂದಿರಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಮೈಯ ಭಾರವೂ ಸೇರುತ್ತದೆ. ಹಾಗೆಂದು ಇದು ಹೆಂಗಸರ ಕಾಯಿಲೆಯೆಂದು ಗಂಡಸರು ನೆಮ್ಮದಿಯಿಂದಿರಬೇಕಾಗಿಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ 18ರಿಂದ 64 ವಯಸ್ಸಿನ 1566 ಮಂದಿಯನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ವರದಿಯಂತೆ, ದೊಡ್ಡ ನರಗಳ ಉಬ್ಬು ಗಂಡಸರಲ್ಲಿ ನೂರಕ್ಕೆ 40, ಹೆಂಗಸರಲ್ಲಿ ನೂರಕ್ಕೆ 32. ಗಂಡಸರು ತೋರಿಸಿಕೊಳ್ಳಲು ಹೋಗುವುದಿಲ್ಲವೆಂದು ಇದರ ಅರ್ಥವಿದ್ದೀತು.

ಹುಟ್ಟನ್ನೂ ವಯಸ್ಸನ್ನೂ ಬದಲಾಯಿಸಲು ಯಾರಿಗೂ ಸಾಧ್ಯವಿಲ್ಲ. ನಿಲ್ಲುವುದನ್ನು ಬದಲಾಯಿಸಬಹುದು. ಅದರ ಮಾತನ್ನೇ ಇಲ್ಲಿ ಎತ್ತಿಕೊಂಡಿದ್ದೇನೆ.

ನಮ್ಮ ಎರಡು ಊರುಗಳನ್ನು ನೋಡೋಣ. ಮೊಳಕಾಲ್ಮೂರು ರೇಷ್ಮೆಸೀರೆಯ ಊರು. ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಸೀರೆ ಅದು. ನಮ್ಮ ತಂದೆ ನೇಕಾರರು. ಗುಂಡಿಮಗ್ಗದಲ್ಲಿ ನೇಯುವವನು ನೆಲದ ಅಂಚಿನಲ್ಲಿ ಕುಳಿತು ಕಾಲುಗಳನ್ನು ಗುಂಡಿಯೊಳಕ್ಕೆ ಇಳಿಬಿಟ್ಟಿರುತ್ತಾನೆ. ಇಡೀ ದಿನ ಕಾಲು ಇಳಿಬಿಟ್ಟರೆ ನರ ಉಬ್ಬದಿರುತ್ತದೆಯೆ ಎಂದು ಯಾರಾದರೂ ಊಹಿಸಿಯಾರು. ಆದರೆ ಮಗ್ಗಕ್ಕೆ ಅನ್ಯಾಯವಾಗಬಾರದು. ಅಲ್ಲಿ ಎರಡು ಪಾದಗಳೂ ಸುಮ್ಮನಿರುವುದಿಲ್ಲ. ಒಂದಾದ ಮೇಲೊಂದು ಮಣೆಯನ್ನು ತುಳಿಯುತ್ತಲೇ ಇರಬೇಕು, ಆಗ ತಾನೆ ಹಾಸಿನ ಎಳೆಗಳು ಬಾಯ್ಬಿಟ್ಟು ಲಾಳಿಗೆ ದಾರಿಯಾಗುವುದು? ಆ ತುಳಿತ ಮೀನಖಂಡಕ್ಕೆ ತಕ್ಕಮಟ್ಟಿನ ಕೆಲಸ ಕೊಡುತ್ತದೆ. ನಮ್ಮ ತಂದೆಯವರಿಗೆ ನೋಯುವುದು ಸೊಂಟ, ಕುತ್ತಿಗೆ, ಕಣ್ಣು. ಕಾಲಿನ ನರಗಳು ಮಾತ್ರ ನನ್ನವಕ್ಕಿಂತ ಚೆನ್ನಾಗಿವೆ. ಗುಂಡಿಯ ಅಂಚು ತೊಡೆಯ ಹಿಂಭಾಗವನ್ನು ಒತ್ತುವುದರಿಂದ ಕಾಲು ಜೋಮು ಹಿಡಿಯುವುದುಂಟು; ಹಳೆಯ ಕಂಬಳಿಯನ್ನು ಮಡಿಸಿ ಹಾಕಿಕೊಂಡು, ಗಂಟೆಗೊಮ್ಮೆ ಮೇಲೆದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕುವುದು ಅಲ್ಲಿ ಸಾಕೆಂದು ನನಗೆ ತೋರುತ್ತದೆ.

ಚಳ್ಳಕೆರೆಯ ಕತೆ ಹೀಗಲ್ಲ. ಕಡಲೆಕಾಯಿ ಎಣ್ಣೆಯ ಗಿರಣಿಗಳಿಂದ ಹೆಸರಾದ ಪೇಟೆ ಇದು. ಗಿರಣಿಗಳಲ್ಲಿ ಅನೇಕವು ಮುಚ್ಚಿದುವು; ಪೇಟೆ ಮಾತ್ರ ಬೆಳೆಯಿತು. ಬಟ್ಟೆಯಂಗಡಿ, ಬೇಕರಿ, ಔಷಧದಂಗಡಿ, ಹೋಟೆಲು, ಪೆಟ್ರೋಲು ಬಂಕುಗಳು ಎದ್ದವು. ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರಿಗೆ ಅಲ್ಲೆಲ್ಲ ಕೆಲಸ ಸಿಕ್ಕಿತು. ನಮ್ಮ ಕಾಲೇಜಿನವರೇ ಎಷ್ಟೋ ಮಂದಿ ಬೆಳಿಗ್ಗೆ ತರಗತಿ, ಸಂಜೆ ಅಂಗಡಿ ಎಂದು ಜೀವಿಸುತ್ತಾರೆ. ಈ ಹೊಸ ಕೆಲಸಗಳಿಗೆಲ್ಲ ಒಂದೇ ಷರತ್ತು, ನಿಂತಿರಬೇಕು. ಗಿರಾಕಿ ಇದ್ದರೂ ನಿಂತಿರಬೇಕು, ಇಲ್ಲದಿದ್ದರೂ ನಿಂತಿರಬೇಕು. ನಾನು ಬಲ್ಲ ಒಂದು ಅಂಗಡಿಯಲ್ಲಿ ಮಾಲೀಕರಿಗೆ ಒಂದು ಕುರ್ಚಿ, ಗಿರಾಕಿಗಳಿಗೆ ಆರು ಸ್ಟೂಲು, ಕೆಲಸದ ಎಂಟು ಹೆಣ್ಣುಮಕ್ಕಳಿಗೆ ಒಂದೂ ಇಲ್ಲ. ಗಿರಾಕಿಯ ಸ್ಟೂಲು ಖಾಲಿ ಇದ್ದಾಗ ಅದರ ಮೇಲೆ ಕುಳಿತವರನ್ನು ಕ್ಯಾಮರಾದಲ್ಲಿ ನೋಡಿ ಎಬ್ಬಿಸುತ್ತಾರೆ.

ನಾನು ಓದುವುದಕ್ಕಾಗಿ ಇಳಿದುಕೊಂಡಿರುವುದು ಚಳ್ಳಕೆರೆಯ ದೊಡ್ಡಮ್ಮನ ಮನೆಯಲ್ಲಿ. ಅವರು ಒಂದು ಹೋಟೆಲಿನ ಅಡಿಗೆಮನೆಯಲ್ಲಿ 16 ವರ್ಷ ದುಡಿದಿದ್ದಾರೆ. ಬೆಳಗಿನ 5 ಗಂಟೆಗೆ ಹೋದರೆ ಮಧ್ಯಾಹ್ನ 3ರವರೆಗೆ ಕಟ್ಟೆಯೊಲೆಯ ಮುಂದೆ ನಿಲುವು. ಹಿಂದೆ ಒಲೆ ನೆಲದ ಮೇಲಿತ್ತು, ಕುಳಿತು ಬೇಯಿಸುತ್ತಿದ್ದರು. ಒಲೆ ಕಟ್ಟೆಗೇರಿದ ಮೇಲೆ ಹೊಗೆ ಕಡಿಮೆಯಾಯಿತು, ಬೆನ್ನು ನೆಟ್ಟಗಾಯಿತು, ಕುಳಿತುಕೊಳ್ಳುವುದೂ ತಪ್ಪಿತು. ಎಡಗಾಲಿನ ನರ ಎಂದು ಉಬ್ಬಿತೆಂಬುದು ಅವರಿಗೇ ನೆನಪಿಲ್ಲ. ನೆರೆಹೊರೆಯ ಹೆಂಗಸರು ಅದರ ಸುತ್ತು ನೋಡಿ ನಾಗದೋಷವೆಂದರು, ನಾಗರಕಲ್ಲಿಗೆ ಹಾಲೆರೆದದ್ದಾಯಿತು. ಕಪ್ಪಾದ ಚರ್ಮ ಒಡೆದು ಹುಣ್ಣಾದಾಗ ಅರಿಸಿನ, ಸುಣ್ಣ, ಯಾರೋ ಕೊಟ್ಟ ಮುಲಾಮು. ಹುಣ್ಣಿನ ಕಾಲಿನಲ್ಲಿಯೇ ಒಂದು ವರ್ಷ ದೋಸೆ ಹುಯ್ದರು. ರಜ ಕೇಳಿದರೆ ಸಂಬಳ ಹಿಡಿಯುತ್ತಾರೆ; ಕೂಡಲು ಒಂದು ಮಣೆ ಕೇಳಿದ್ದಕ್ಕೆ, “ಕೂತು ಮಾಡೋ ಕೆಲಸ ಬೇಕಾದ್ರೆ ಮನೇಲಿರಮ್ಮ” ಎಂಬ ಉತ್ತರ ಬಂತು. ಕೊನೆಗೆ ಸರ್ಕಾರಿ ಆಸ್ಪತ್ರೆಯ ವೈದ್ಯರು ಹುಣ್ಣನ್ನು ತೊಳೆದು, ಪಾದದಿಂದ ಮೊಳಕಾಲಿನವರೆಗೆ ಪದರ ಪದರವಾಗಿ ಬಿಗಿಪಟ್ಟಿ ಸುತ್ತಿ, ಕಾಲನ್ನು ಎತ್ತರದಲ್ಲಿಟ್ಟು ಮಲಗಬೇಕೆಂದು ಕಟ್ಟಪ್ಪಣೆ ಮಾಡಿದರು. ನಾಲ್ಕು ತಿಂಗಳಲ್ಲಿ ಹುಣ್ಣು ಕೂಡಿಕೊಂಡಿತು. ಹಾಗೆ ಗುಣಮಾಡಿದ ಮದ್ದಿನಲ್ಲಿ ಮುಕ್ಕಾಲು ಪಾಲು ಬಿಗಿಪಟ್ಟಿ ಮತ್ತು ವಿಶ್ರಾಂತಿ ಎಂಬುದನ್ನು ನೆನೆದರೆ, 16 ವರ್ಷದಲ್ಲಿ ದಿನಕ್ಕೆ ಮೂರು ಬಾರಿ ಹತ್ತು ನಿಮಿಷ ಕೂಡಿಸಿದ್ದರೆ ಏನಾಗುತ್ತಿತ್ತೆಂದು ಕೇಳಬೇಕೆನಿಸುತ್ತದೆ.

ಇದು ಹೊಸ ತಿಳಿವಳಿಕೆಯಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಸಿರೆಗಳ ಗಂಟಿನ ವಿಚಾರ ಬರುತ್ತದೆ. ದುರ್ಬಲನಾದವನು ಮೀರಿ ಶ್ರಮಪಟ್ಟರೆ ಅದು ಉಂಟಾಗುವುದೆಂಬ ಭಾವ ಅಲ್ಲಿದೆ. ರೋಮಿನ ದಂಡನಾಯಕ ಮಾರಿಯಸ್‌ನ ಎರಡು ಕಾಲುಗಳಲ್ಲಿಯೂ ನರಗಳು ಉಬ್ಬಿದ್ದುವೆಂದು ಪ್ಲುಟಾರ್ಕ್ ಬರೆದಿದ್ದಾನೆ. ಮಾರಿಯಸ್ ತನ್ನನ್ನು ಕಟ್ಟಿಹಾಕಗೊಡದೆ ಒಂದು ಕಾಲನ್ನು ಕೊಯ್ಯಿಸಿಕೊಂಡನಂತೆ; ಮುಖ ಕಿವಿಚಲಿಲ್ಲ, ತುಟಿಪಿಟಕ್ಕೆನ್ನಲಿಲ್ಲ. ವೈದ್ಯ ಇನ್ನೊಂದು ಕಾಲಿಗೆ ಬಂದಾಗ ಮಾತ್ರ, ಈ ಗುಣ ಇಷ್ಟು ನೋವಿಗೆ ತಕ್ಕುದಲ್ಲವೆಂದು ಬೇಡವೆಂದುಬಿಟ್ಟನಂತೆ. ಇಂದು ಕಾಲವೇ ಬೇರೆ. ಡಾಪ್ಲರ್ ಪರೀಕ್ಷೆಯಲ್ಲಿ ಯಾವ ಕವಾಟ ಸೋರುತ್ತಿದೆಯೆಂದು ನೋವಿಲ್ಲದೆ ನೋಡುತ್ತಾರೆ; ಲೇಸರಿನ ಶಾಖದಿಂದ ಕೆಟ್ಟ ನರವನ್ನು ಒಳಗಿನಿಂದಲೇ ಮುಚ್ಚುತ್ತಾರೆ; ರೋಗಿ ಅದೇ ದಿನ ನಡೆಯುತ್ತಾನೆ. ದಂಡನಾಯಕನಿಗೆ ಸಿಗದ ಭಾಗ್ಯ ದೋಸೆ ಹುಯ್ಯುವವಳಿಗೆ ಸಿಗಬಹುದಾಗಿದೆ. ಆದರೆ ಚಿಕಿತ್ಸೆ ಮಾಡಿಸಿಕೊಂಡು ಮತ್ತೆ ಅದೇ ಕಟ್ಟೆಯ ಮುಂದೆ ಹತ್ತು ಗಂಟೆ ನಿಲ್ಲುವುದಾದರೆ, ಉಳಿದ ನರಗಳು ಅದೇ ದಾರಿ ಹಿಡಿಯುವುದಿಲ್ಲವೆಂದು ಯಾರು ಹೇಳಬಲ್ಲರು?

ಇಟಲಿಯ ವೈದ್ಯ ರಾಮಾಜಿನಿ 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಒಂದು ಗ್ರಂಥ ಬರೆದನು. ಅದರಲ್ಲಿ ನಿಂತು ದುಡಿಯುವವರಿಗೇ ಒಂದು ಅಧ್ಯಾಯವಿದೆ, ಕಾಲಿನ ನರಗಳ ಉಬ್ಬಿನ ಮಾತೂ ಅಲ್ಲಿದೆ. ರೋಗಿಯನ್ನು ಕಂಡಾಗ “ನಿನ್ನ ಕಸುಬೇನು?” ಎಂದು ಕೇಳಬೇಕೆಂದು ವೈದ್ಯರಿಗೆ ಕಲಿಸಿದವನು ಅವನು. ಅವನು ಕಣ್ಣಿನಿಂದ ಕಂಡುದನ್ನು ಮುನ್ನೂರು ವರ್ಷಗಳ ಮೇಲೆ ಡೆನ್ಮಾರ್ಕಿನವರು ಲೆಕ್ಕಹಾಕಿ ತೋರಿಸಿದರು. ಕೆಲಸಗಾರರನ್ನು 12 ವರ್ಷ ಹಿಂಬಾಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ದುಡಿಮೆಯ ಹೆಚ್ಚು ಹೊತ್ತನ್ನು ಕಾಲಮೇಲೆಯೇ ಕಳೆಯುವವರು ಈ ಬೇನೆಗಾಗಿ ಆಸ್ಪತ್ರೆ ಸೇರುವ ಸಂಭವ ಉಳಿದವರಿಗಿಂತ ಸುಮಾರು ಒಂದೂಮುಕ್ಕಾಲು ಪಟ್ಟು.

ಹೀಗಿರಲು, ಕೂಡಲು ಬಿಡದಿರುವುದಕ್ಕೆ ಕಾರಣವೇನು? ಸ್ಟೂಲಿಗೆ ಹಣವಿಲ್ಲವೆಂದಲ್ಲ. ಒಂದು ಪ್ಲಾಸ್ಟಿಕ್ ಸ್ಟೂಲಿನ ಬೆಲೆ ಎಷ್ಟೆಂದು ಚಳ್ಳಕೆರೆಯ ಸಂತೆಗೆ ಹೋದವರಿಗೆಲ್ಲ ಗೊತ್ತು. ಕಾರಣ ನಮ್ಮ ಮನಸ್ಸಿನಲ್ಲಿದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯನ್ನು ಕೇಳಿ ಬೆಳೆದ ನಮಗೆ, ಕುಳಿತವನೆಂದರೆ ಸೋಮಾರಿ. ಅದಕ್ಕಿಂತ ಆಳದಲ್ಲಿ ಇನ್ನೊಂದಿದೆ. ನಮ್ಮ ಹಳ್ಳಿಗಳಲ್ಲಿ ಜಗಲಿಯ ಮೇಲೆ ಕೂಡುವವರು ಕೆಲವರು, ಅದರ ಕೆಳಗೆ ಕೈಕಟ್ಟಿ ನಿಲ್ಲುವವರು ಕೆಲವರು ಎಂದು ತಲೆಮಾರುಗಳಿಂದ ಗೊತ್ತಾಗಿತ್ತು. ನಮ್ಮ ತಾತ ಆ ಕೆಳಗಿನವರಲ್ಲೊಬ್ಬರು. ಜಗಲಿ ಹೋಯಿತು, ಗಾಜಿನ ಕೌಂಟರು ಬಂತು. ನಿಲ್ಲುವ ಪದ್ಧತಿ ಹೋಗಲಿಲ್ಲ. ದುಡಿಸಿಕೊಳ್ಳುವವನ ಎದುರಿಗೆ ದುಡಿಯುವವನು ಕುಳಿತಿದ್ದರೆ ಕಣ್ಣಿಗೆ ಏನೋ ಕಸಿವಿಸಿ. ಗಿರಾಕಿಗೆ ಮರ್ಯಾದೆ ಸಲ್ಲಬೇಕಲ್ಲ ಎಂಬುದು ಹೊರಗೆ ಹೇಳುವ ಸಮಾಧಾನ.

ಆ ಸಮಾಧಾನಕ್ಕೆ ನಮ್ಮ ಊರಿನಲ್ಲಿಯೇ ಉತ್ತರವಿದೆ. ಮೊಳಕಾಲ್ಮೂರಿನಲ್ಲಿ ಸೀರೆಯ ವ್ಯಾಪಾರ ಇಂದಿಗೂ ಎಷ್ಟೋ ಮನೆಗಳಲ್ಲಿ ಹಾಸಿನ ಮೇಲೆ ನಡೆಯುತ್ತದೆ. ಮಾರುವವರೂ ಕುಳಿತಿರುತ್ತಾರೆ, ಕೊಳ್ಳುವವರೂ ಕುಳಿತಿರುತ್ತಾರೆ, ಮಡಿಕೆಗಳು ಬಿಚ್ಚಿಕೊಳ್ಳುತ್ತಿರುತ್ತವೆ, ಸಾವಿರಾರು ರೂಪಾಯಿಯ ಮಾತು ಮಂಡಿಗೆ ಮಂಡಿ ತಾಕಿಸಿಯೇ ಮುಗಿಯುತ್ತದೆ. ಹಳೆಯ ಜವಳಿ ಅಂಗಡಿಗಳೆಲ್ಲ ಹೀಗೆಯೇ ಇದ್ದುವು. ಯಾವ ಗಿರಾಕಿಯೂ ಅದರಿಂದ ಅಪಮಾನವಾಯಿತೆಂದು ಎದ್ದುಹೋದುದನ್ನು ಕೇಳಿಲ್ಲ.

ಮರ್ಯಾದೆಯ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, 1892ರಲ್ಲಿ ಬಿ.ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ತಂದೆತಾಯಿಗಳಿಗೆ ವಿಧೇಯರಾಗಿರಬೇಕು, ಗುರುವನ್ನು ಶಿಷ್ಯನು ಗೌರವಿಸಬೇಕು ಎಂಬ ಉಪದೇಶ ಆ ಬಂಡೆಯ ಮೇಲಿದೆ. ಗೌರವಿಸುವವನು ಎಷ್ಟು ಗಂಟೆ ನಿಂತಿರಬೇಕೆಂದು ಚಕ್ರವರ್ತಿ ಬರೆಸಿಲ್ಲ.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ ಎನ್ನಬೇಕು. 1948ರ ಕಾರ್ಖಾನೆಗಳ ಕಾಯ್ದೆಯ 44ನೆಯ ಪ್ರಕರಣವು, ನಿಂತು ದುಡಿಯಬೇಕಾದ ಕೆಲಸಗಾರರಿಗೆ ಬಿಡುವು ಸಿಕ್ಕಾಗ ಕೂಡಲು ಏರ್ಪಾಡಿರಬೇಕೆಂದು ವಿಧಿಸಿತು. ಆದರೆ ಆ ಕಾರ್ಖಾನೆಯ ಕಾಯ್ದೆ ಅಂಗಡಿಯ ಹೊಸ್ತಿಲು ದಾಟುತ್ತಿರಲಿಲ್ಲ. ಅದನ್ನು ದಾಟಿಸಿದವರು ಕೇರಳದ ಹೆಣ್ಣುಮಕ್ಕಳು. ಕೋಳಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳಲ್ಲಿ ದುಡಿಯುತ್ತಿದ್ದವರು, ಕೂಡುವುದು ನಮ್ಮ ಹಕ್ಕು ಎಂದು ವರ್ಷಗಳ ಕಾಲ ಹೋರಾಡಿದರು. ಅವರಲ್ಲಿ ಮುಂದಾಳಾದ ಪಿ. ವಿಜಿಯವರು ಸ್ವತಃ ಹೊಲಿಗೆಯ ಕೆಲಸದವರು. 2018ರಲ್ಲಿ ಕೇರಳ ಸರ್ಕಾರ ಅಂಗಡಿಗಳ ಕಾಯ್ದೆಯನ್ನು ತಿದ್ದಿ, ಕೆಲಸಗಾರರಿಗೆ ಆಸನ ಕೊಡಲೇಬೇಕೆಂದಿತು. 2021ರಲ್ಲಿ ತಮಿಳುನಾಡು ಅದನ್ನೇ ಅನುಸರಿಸಿತು. ಅಕ್ಷರಶಃ ಒಂದು ಸ್ಟೂಲಿಗಾಗಿ ವಿಧಾನಸಭೆಯವರೆಗೆ ಹೋಗಬೇಕಾಯಿತೆ ಎಂದು ನಗುವವರಿರಬಹುದು. ಕಾಲು ನೋಯದವರ ನಗು ಅದು. ನಮ್ಮ ಪೇಟೆಯಲ್ಲಿ ಕಾನೂನಿನ ದಾರಿ ಕಾಯುವುದಕ್ಕೆ ಮೊದಲೇ ನಾಲ್ಕು ಮಂದಿ ಒಳ್ಳೆಯ ವರ್ತಕರು ತಾವಾಗಿ ಸ್ಟೂಲು ಹಾಕಿಸಿದರೆ ಅವರನ್ನು ಯಾರೂ ತಡೆಯುವುದಿಲ್ಲ.

ಇನ್ನು ನಮ್ಮ ಕೈಯಲ್ಲೇ ಇರುವ ಅಭ್ಯಾಸಗಳು. ಇವು ಸ್ಟೂಲಿಗೆ ಬದಲಿಯಲ್ಲ. ಆದರೂ ನಾಳೆಯೇ ಸ್ಟೂಲು ಬರುವುದಿಲ್ಲವಷ್ಟೆ. ನಿಂತಿರುವಲ್ಲಿಯೇ ಹಿಮ್ಮಡಿಯನ್ನು ಎತ್ತಿ ಇಳಿಸುವುದು ಇವೆಲ್ಲದರಲ್ಲಿ ಮೇಲು. ಹತ್ತು ಹದಿನೈದು ಬಾರಿ ಬೆರಳುಗಳ ಮೇಲೆ ಎದ್ದು ಇಳಿದರೆ ಮೀನಖಂಡ ತನ್ನ ಪಂಪಿನ ಕೆಲಸ ಮಾಡುತ್ತದೆ, ಕೌಂಟರಿನಾಚೆ ನಿಂತ ಗಿರಾಕಿಗೆ ತಿಳಿಯುವುದೂ ಇಲ್ಲ. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಯಿಸುವುದು, ಒಂದು ಸಣ್ಣ ಮಣೆಯ ಮೇಲೆ ಸರದಿಯಂತೆ ಪಾದವಿಡುವುದು, ಸಾಮಾನು ತರುವ ನೆಪದಲ್ಲಾದರೂ ಓಡಾಡುವುದು, ಇವೂ ಒಳ್ಳೆಯವೇ. ಮನೆಗೆ ಬಂದ ಮೇಲೆ ಗೋಡೆಯ ಪಕ್ಕ ಮಲಗಿ ಕಾಲನ್ನು ಎದೆಗಿಂತ ಎತ್ತರದಲ್ಲಿ ಕಾಲುಗಂಟೆ ಇಟ್ಟರೆ ದಿನದ ಬಾವು ಇಳಿಯುತ್ತದೆ. ಸೊಸೆ ಕಾಲು ಮೇಲೆ ಮಾಡಿ ಮಲಗಿದಳೆಂದು ಆಡಿಕೊಳ್ಳುವ ಮನೆಗಳಲ್ಲಿ ಇದಕ್ಕೆ ವೈದ್ಯರ ಚೀಟಿಯೇ ಬೇಕಾದೀತು! ಬಸುರಿಯರಿಗಂತೂ ಇದನ್ನು ಮನೆಯವರೇ ಹೇಳಿ ಮಾಡಿಸಬೇಕು. ದಿನವೂ ಅರ್ಧಗಂಟೆಯ ಬಿರುಸು ನಡಿಗೆಗೆ ಖರ್ಚಿಲ್ಲ. ಮೈಯ ಭಾರ ಇಳಿದರೆ ನರಗಳ ಹೊರೆಯೂ ಇಳಿಯುತ್ತದೆ. ಕುಳಿತು ಓದುವ ನಾವೂ ನಿಶ್ಚಿಂತರಲ್ಲ. ಪರೀಕ್ಷೆಯ ದಿನಗಳಲ್ಲಿ ನಾಲ್ಕು ಗಂಟೆ ಅಲುಗಾಡದೆ ಕಾಲು ಇಳಿಬಿಟ್ಟು ಕೂಡುವುದೂ ಒಳ್ಳೆಯದಲ್ಲ, ನಡುನಡುವೆ ಏಳಬೇಕು.

ಆಹಾರದ ವಿಷಯದಲ್ಲಿ ನಾನು ಹೆಚ್ಚು ಹೇಳಲಾರೆ. ಡೆನಿಸ್ ಬರ್ಕಿಟ್ ಎಂಬ ಪ್ರಸಿದ್ಧ ವೈದ್ಯರು 1972ರಲ್ಲಿ, ನಾರಿನಂಶವಿಲ್ಲದ ಊಟದಿಂದ ಮಲಬದ್ಧತೆಯುಂಟಾಗಿ, ಮುಕ್ಕುವುದರಿಂದ ಕಾಲಿನ ನರಗಳೂ ಕೆಡುತ್ತವೆಂದು ವಾದಿಸಿದರು. ಅದು ಪೂರ್ತಿ ಸಿದ್ಧವಾಗಲಿಲ್ಲ. ನಮ್ಮ ರಾಗಿಮುದ್ದೆ, ಜೋಳದ ರೊಟ್ಟಿ, ಸೊಪ್ಪಿನ ಸಾರು ಹೊಟ್ಟೆಗೆ ಒಳ್ಳೆಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮುದ್ದೆ ತಿಂದೇ ನನ್ನ ದೊಡ್ಡಮ್ಮನ ಕಾಲು ಹೀಗಾದುದನ್ನು ಕಂಡಮೇಲೆ, ಮುದ್ದೆಗೆ ಅದರ ಯೋಗ್ಯತೆಗೆ ಮೀರಿದ ಕೀರ್ತಿ ಕಟ್ಟಲು ಮನಸ್ಸಾಗದು.

ಕೆಲವು ಎಚ್ಚರಿಕೆಗಳು ಅಗತ್ಯ. ಕಾಲುಚೀಲದಂತೆ ಬಿಗಿಯಾಗಿ ಹಾಕುವ ಎಳೆಚೀಲಗಳು ಔಷಧದಂಗಡಿಯಲ್ಲಿ ಸಿಗುತ್ತವೆ. ಅವು ಉಪಕಾರಿಗಳೇ, ಆದರೆ ಅಳತೆ ನೋಡಿ, ವೈದ್ಯರನ್ನು ಕೇಳಿ ಕೊಳ್ಳಬೇಕು. ಸಕ್ಕರೆ ಕಾಯಿಲೆಯವರಿಗೆ, ಬೀಡಿ ಸಿಗರೇಟು ಸೇದಿ ಪಾದಕ್ಕೆ ರಕ್ತವೇ ಸರಿಯಾಗಿ ಇಳಿಯದವರಿಗೆ ಬಿಗಿಪಟ್ಟಿ ಕೇಡನ್ನೇ ಮಾಡೀತು. ಉಬ್ಬಿದ ನರವನ್ನು ಬಲವಾಗಿ ತಿಕ್ಕಿಸಿಕೊಳ್ಳಬಾರದು, ಸುಡಿಸಿಕೊಳ್ಳಬಾರದು. ಅದು ಒಡೆದು ರಕ್ತ ಹರಿದರೆ ಗಾಬರಿಯಾಗಿ ಓಡಬಾರದು; ಕೂಡಲೇ ಮಲಗಿ, ಕಾಲನ್ನು ಮೇಲೆತ್ತಿ, ಶುದ್ಧವಾದ ಬಟ್ಟೆಯಿಂದ ಒತ್ತಿಹಿಡಿದು ಆಸ್ಪತ್ರೆಗೆ ಸಾಗಿಸಬೇಕು. ನಿಂತುಕೊಂಡೇ ಇದ್ದರೆ ಆ ರಕ್ತಸ್ರಾವ ಪ್ರಾಣಕ್ಕೂ ಬರಬಹುದು. ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು ನೋಯತೊಡಗಿದರೆ ಒಳಗಿನ ನರದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದಕ್ಕೆ ಮರುದಿನದವರೆಗೆ ಕಾಯಬಾರದು.

ನಮ್ಮ ಕಾಲೇಜಿನ ಮಾತನ್ನಾಡದೆ ಬಿಟ್ಟರೆ ಊರಿಗೆ ಉಪದೇಶ ಹೇಳಿದಂತಾಗ್ತದೆ. ನಮ್ಮ ಅಧ್ಯಾಪಕರು ದಿನಕ್ಕೆ ಮೂರು ನಾಲ್ಕು ಗಂಟೆ ನಿಂತು ಪಾಠ ಹೇಳುತ್ತಾರೆ. ಕೆಲವರು ಪಾಠದುದ್ದಕ್ಕೂ ವೇದಿಕೆಯ ಮೇಲೆ ಅತ್ತಿಂದಿತ್ತ ತಿರುಗುತ್ತಾರೆ. ಹಿಂದಿನ ಬೆಂಚಿನವರು ಅವರಿಗೆ ಬೋನಿನ ಹುಲಿಯೆಂದು ಹೆಸರಿಟ್ಟಿದ್ದರೂ ಶರೀರಶಾಸ್ತ್ರ ಹುಲಿಯ ಪಕ್ಷದಲ್ಲಿದೆ. ಮೇಜನ್ನು ಹಿಡಿದು ಒಂದೇ ಕಡೆ ನಿಲ್ಲುವ ಗುರುಗಳು ಅವರನ್ನು ಅನುಸರಿಸಬೇಕೆಂದು ನನ್ನ ವಿನಂತಿ. ಅಥವಾ ಕುಳಿತು ಹೇಳಲಿ, ನಾವು ಅಷ್ಟೇ ಶ್ರದ್ಧೆಯಿಂದ ಕೇಳುತ್ತೇವೆ. ಪರೀಕ್ಷೆಯ ಮೂರು ಗಂಟೆ ಕೊಠಡಿಯಲ್ಲಿ ನಿಲ್ಲುವವರು, ಗೇಟಿನ ಬಳಿ ಕಾಯುವವರು, ಸಮಾರಂಭದ ದಿನ ಬೆಳಗಿನಿಂದ ಸಂಜೆಯವರೆಗೆ ಬಾಗಿಲಲ್ಲಿ ನಿಲ್ಲುವ ಜವಾನರು, ಇವರನ್ನು ನಾವು ದಿನವೂ ನೋಡುತ್ತೇವೆ, ಅವರ ಕಾಲನ್ನು ನೋಡುವುದಿಲ್ಲ. ವಿದ್ಯಾರ್ಥಿ ಸಂಘದ ನಿಧಿಯಲ್ಲಿ ಪ್ರತಿ ವರ್ಷ ಹಾರ ತುರಾಯಿಗಳಿಗೆ ಆಗುವ ವೆಚ್ಚದಲ್ಲಿ ಒಂದು ಪಾಲನ್ನು ಉಳಿಸಿದರೆ ಗೇಟಿಗೊಂದು, ಗ್ರಂಥಾಲಯದ ಬಾಗಿಲಿಗೊಂದು, ಕಚೇರಿಯ ಪಡಸಾಲೆಗೆ ಎರಡು ಗಟ್ಟಿಯಾದ ಮರದ ಸ್ಟೂಲುಗಳು ಬರುತ್ತವೆ. ಬರುವ ವರ್ಷದ ಕಾರ್ಯಕಾರಿ ಸಮಿತಿಯವರು ಇದನ್ನು ಮೊದಲ ಸಭೆಯಲ್ಲಿಯೇ ಎತ್ತಿಕೊಳ್ಳಲಿ. ನಮ್ಮಲ್ಲಿ ಎಷ್ಟೋ ಮಂದಿ ಪದವಿ ಮುಗಿಸಿ ಬೆಂಗಳೂರಿನ ಮಳಿಗೆಗಳಿಗೆ, ಉಡುಪಿನ ಕಾರ್ಖಾನೆಗಳಿಗೆ, ಕಾವಲು ಕೆಲಸಗಳಿಗೆ ಹೋಗುವವರಿದ್ದೇವೆ. ಅಲ್ಲಿ ಕೆಲಸದ ಹೊತ್ತು, ಸಂಬಳ, ರಜ ಇವುಗಳನ್ನು ವಿಚಾರಿಸುವಾಗ, ಕೂಡಲು ಜಾಗವಿದೆಯೇ ಎಂದು ಸಂಕೋಚವಿಲ್ಲದೆ ಕೇಳಬಹುದು.

ದೊಡ್ಡಮ್ಮ ಈಗ ಬೇರೊಂದು ಹೋಟೆಲಿನಲ್ಲಿದ್ದಾರೆ. ಅಲ್ಲಿ ಕಾಯಿ ತುರಿಯುವುದು, ತರಕಾರಿ ಹೆಚ್ಚುವುದು ಅವರ ಕೆಲಸ. ಸಂಬಳ ಹಿಂದಿನದಕ್ಕಿಂತ ತಿಂಗಳಿಗೆ 1500 ರೂಪಾಯಿ ಕಡಿಮೆ, ಕುಳಿತು ಮಾಡಬಹುದು.